ಕಾಫಿ ಮೂಟೆಯ ಕರಾರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಿಂದ ಹೊರಡುವ ಕಾಫಿಗೆ ತೋಟದ ಗೇಟಿನಲ್ಲೇ ಸರಿಯಾದ ಬೆಲೆ ಕಟ್ಟುವುದು ಎಂದೂ ಸುಲಭವಾಗಿರಲಿಲ್ಲ. ಹಣ್ಣನ್ನು ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಒಣಗಿಸಿದರೆ ಚೆರ್ರಿ. ಎರಡರಲ್ಲೂ ಬೀಜ ಹೊದಿಕೆಯೊಳಗೇ ಇರುತ್ತದೆ. ಬೀಜ ಎಷ್ಟು ದಪ್ಪ, ಅದರಲ್ಲಿ ಜೊಳ್ಳೆಷ್ಟು, ಕಪ್ಪೆಷ್ಟು ಎಂಬುದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದ ಮೇಲಷ್ಟೇ ಖಚಿತವಾಗುತ್ತದೆ. ಮಾಲು ಹೊರಡುವುದು ಒಂದು ದಿನ, ಅದರ ಗುಣ ತಿಳಿಯುವುದು ಇನ್ನೊಂದು ದಿನ, ಹಣ ಕೈಸೇರುವುದು ಮತ್ತೊಂದು ದಿನ. ಈ ನಡುವಿನ ಅವಧಿಯನ್ನು ದಾಟಿಸುತ್ತಿದ್ದುದು ಕರಾರು. ಅದನ್ನು ಯಾರು ಬರೆಯಬೇಕು, ಯಾರು ಜಾರಿ ಮಾಡಬೇಕು, ಲೆಕ್ಕದ ಪುಸ್ತಕ ಯಾರ ವಶದಲ್ಲಿರಬೇಕು ಎಂಬುದಕ್ಕೆ ಎರಡು ಶತಮಾನಗಳಲ್ಲಿ ಹಲವು ಏರ್ಪಾಡುಗಳು ಬಂದು ಹೋಗಿವೆ. ಅವುಗಳಲ್ಲಿ ಇತ್ತೀಚಿನದು ಬ್ಲಾಕ್‌ಚೈನ್.

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಐತಿಹ್ಯ. ಬಹುಕಾಲ ಅದು ಹಿತ್ತಲ ಬೆಳೆಯಾಗಿಯೇ ಉಳಿಯಿತು. ಮೈಸೂರು ಸಂಸ್ಥಾನಕ್ಕೆ ಅದರಿಂದ ಆದಾಯ ಬರತೊಡಗಿದಾಗ ಸರ್ಕಾರದ ಪಾಲನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಮುಂದೆ ತೂಕದ ಮೇಲೆ ಸುಂಕ ಬಂತು, ಆಮೇಲೆ ಭೂಮಿಯ ವಿಸ್ತೀರ್ಣದ ಮೇಲೆ ಕಂದಾಯ. ತೂಕದ ಸುಂಕವಿದ್ದಷ್ಟು ಕಾಲ ಮೂಟೆಯ ಲೆಕ್ಕ ಇಡುವುದು ಸರ್ಕಾರದ ಸುಂಕದ ಕಟ್ಟೆಯ ಕೆಲಸವಾಗಿತ್ತು.

1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲ ಬಾಬಾಬುಡನ್‌ಗಿರಿಯ ದಕ್ಷಿಣದಲ್ಲಿ ದೊಡ್ಡ ತೋಟ ಮಾಡಿದ ಮೇಲೆ ಲೆಕ್ಕದ ಪುಸ್ತಕ ಕಂಪನಿಗಳ ಕೈಗೆ ಹೋಯಿತು. ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ನಡೆಸುತ್ತಿದ್ದ ಏಜೆನ್ಸಿಗಳೇ ತೋಟಕ್ಕೆ ಮುಂಗಡ ಕೊಡುತ್ತಿದ್ದವು, ಅವೇ ಮಾಲು ಸಂಸ್ಕರಿಸುತ್ತಿದ್ದವು, ಲಂಡನ್ನಿಗೆ ಸಾಗಿಸುತ್ತಿದ್ದುದೂ ಅವೇ. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದ ಮೂಟೆಗೆ ಎಷ್ಟು ಬೆಲೆ ಸಿಕ್ಕಿತೆಂಬುದು ತಿಂಗಳುಗಳ ನಂತರ ಬರುವ ಕಾಗದದಿಂದ ತಿಳಿಯುತ್ತಿತ್ತು. ಸಾಲ ಕೊಟ್ಟವನೇ ತೂಗಿ, ದರ್ಜೆ ಹಾಕಿ, ಮಾರುವ ಈ ಏರ್ಪಾಡಿನಲ್ಲಿ ಸಣ್ಣ ಬೆಳೆಗಾರನಿಗೆ ತಾಳೆ ನೋಡುವ ದಾರಿಯೇ ಇರಲಿಲ್ಲ.

ಎರಡನೆಯ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿಸಿದಾಗ ಬೆಲೆ ಕುಸಿಯಿತು. 1940ರಲ್ಲಿ ಸುಗ್ರೀವಾಜ್ಞೆ ಬಂದು, 1942ರಲ್ಲಿ ಅದು ಕಾಫಿ ಕಾಯ್ದೆಯಾಯಿತು. ಮನೆ ಬಳಕೆಗೆ, ಬಿತ್ತನೆಗೆ ಅನುಮತಿಯಿದ್ದಷ್ಟನ್ನು ಬಿಟ್ಟು ಉಳಿದ ಕಾಫಿಯೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಸೇರಬೇಕು ಎಂಬ ವ್ಯವಸ್ಥೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮಲೆನಾಡನ್ನು ಆಳಿತು. ಮಂಡಳಿಯ ಏಜೆಂಟರಾಗಿ ನಿಂತ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮೂಟೆ ಇಳಿದ ಮೇಲೆ ಅದು ಯಾವ ತೋಟದ್ದೆಂಬುದು ಲೆಕ್ಕದಲ್ಲಿ ಮಾತ್ರ ಉಳಿಯುತ್ತಿತ್ತು. ಮಾಲು ಒಂದೇ ರಾಶಿ. ಪ್ರತಿ ದರ್ಜೆಗೆ ಇಷ್ಟು ‘ಪಾಯಿಂಟ್’ ಎಂದು ಮಂಡಳಿ ನಿಗದಿ ಮಾಡುತ್ತಿತ್ತು. ಪ್ಲಾಂಟೇಶನ್ ಎ ದರ್ಜೆಗೆ ಹೆಚ್ಚು, ರೊಬಸ್ಟಾ ಚೆರ್ರಿಗೆ ಕಡಿಮೆ. ಮಾಲು ಒಪ್ಪಿಸಿದಾಗ ಮೊದಲ ಕಂತು. ಹರಾಜಿನಲ್ಲಿ ಮಾರಾಟವಾದಂತೆ ಮುಂದಿನ ಕಂತುಗಳು. ಆ ಸಾಲಿನ ಪೂಲ್ ಮುಗಿದಾಗ ಒಂದು ಪಾಯಿಂಟಿಗೆ ಎಷ್ಟೆಂದು ಲೆಕ್ಕ ಹಾಕಿ ಕೊನೆಯ ಕಂತು. ಕೊನೆಯ ಕಂತಿಗೆ ವರ್ಷಗಟ್ಟಲೆ ಕಾಯಬೇಕಾದದ್ದೂ ಉಂಟು.

ಪೂಲನ್ನು ದೂರುವವರು ಹೆಚ್ಚು, ಅದಕ್ಕೆ ಕಾರಣಗಳೂ ಇದ್ದವು. ಆದರೆ ಅದರ ಒಂದು ಗುಣವನ್ನು ಗಮನಿಸಬೇಕು: ಒಂದೇ ದರ್ಜೆ, ಒಂದೇ ತೂಕದ ಮಾಲಿಗೆ ಕಳಸದ ಎರಡೆಕರೆಯವನಿಗೂ ನೂರಾರು ಎಕರೆಯ ಕಂಪನಿ ತೋಟಕ್ಕೂ ಪಾಯಿಂಟ್ ಒಂದೇ. ನಿಯಮ ಮೊದಲೇ ಬರೆದದ್ದು, ಅಂಕಿ ಹಾಕಿದರೆ ಬರುವ ಉತ್ತರ ಎಲ್ಲರಿಗೂ ಸಮಾನ. ಇಷ್ಟಾಗಿಯೂ ಅದು ಕರಾರೇ, ಅಲ್ಲವೇ ಎಂಬುದೇ ವಿವಾದವಾಯಿತು. ಕರ್ನಾಟಕ ಸರ್ಕಾರ ಖರೀದಿ ತೆರಿಗೆ ಕೇಳಿದಾಗ, ಬೆಳೆಗಾರ ಕಡ್ಡಾಯವಾಗಿ ಒಪ್ಪಿಸುವುದು ಮಾರಾಟವಲ್ಲ, ಸ್ವಾಧೀನ ಎಂದು ಮಂಡಳಿ ವಾದಿಸಿತು. 1988ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಕಾಯ್ದೆಯ ಒತ್ತಾಯವಿದ್ದರೂ ಅದು ಮಾರಾಟವೇ, ತೆರಿಗೆ ಕೊಡಬೇಕು ಎಂದಿತು.

1992ರಿಂದ ಪೂಲಿನ ಹಿಡಿತ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರುವಂತಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ ಈ ಬದಲಾವಣೆಯನ್ನು ಹಲವರು ಸಂಭ್ರಮದಿಂದಲೇ ಸ್ವಾಗತಿಸಿದರು. ಹೊಸ ಶತಮಾನದ ಆರಂಭದಲ್ಲಿ ಬೆಲೆ ನೆಲಕಚ್ಚಿದಾಗ ಆ ಸಂಭ್ರಮ ಇರಲಿಲ್ಲ. ಮುಕ್ತ ಮಾರುಕಟ್ಟೆಯಲ್ಲಿ ಲೆಕ್ಕ ವ್ಯಾಪಾರಿಯ ತಕ್ಕಡಿಗೆ ಬಂತು. ಚೆರ್ರಿಯ ವ್ಯಾಪಾರ ನಡೆಯುವುದು ‘ಔಟ್‌ಟರ್ನ್’ ಮೇಲೆ: 50 ಕಿಲೋ ಚೆರ್ರಿಯಿಂದ 26 ಕಿಲೋ ಬೀಜ ಬಂದರೆ ಔಟ್‌ಟರ್ನ್ 26, ಔಟ್‌ಟರ್ನಿನ ಒಂದು ಪಾಯಿಂಟಿನ ದರವನ್ನು ಅದರಿಂದ ಗುಣಿಸಿದರೆ ಮೂಟೆಯ ಬೆಲೆ. ಮಾದರಿಯನ್ನು ಹಿಡಿಯುವವನು, ತೇವಾಂಶ ನೋಡುವವನು, ಗುಣಾಕಾರ ಮಾಡುವವನು ಒಬ್ಬನೇ ಆದಾಗ ತಕರಾರು ಹುಟ್ಟುವುದು ಸಹಜ.

ಇದೇ ಕಾಲದಲ್ಲಿ, ಕಾಫಿಗೆ ಯಾವ ಸಂಬಂಧವೂ ಇಲ್ಲದ ಕಡೆ, ಕರಾರಿನ ಬಗ್ಗೆ ಬೇರೊಂದು ಯೋಚನೆ ಬೆಳೆಯುತ್ತಿತ್ತು. ಷರತ್ತುಗಳನ್ನು ಪ್ರೋಗ್ರಾಮಾಗಿ ಬರೆದು, ಷರತ್ತು ಪೂರೈಸಿದ ಕೂಡಲೇ ತಾನಾಗಿ ಜಾರಿಯಾಗುವ ಒಪ್ಪಂದಕ್ಕೆ ಅಮೆರಿಕದ ನಿಕ್ ಸ್ಜಾಬೊ 1990ರ ದಶಕದಲ್ಲಿ ‘ಸ್ಮಾರ್ಟ್ ಕಾಂಟ್ರಾಕ್ಟ್’ ಎಂಬ ಹೆಸರಿಟ್ಟರು. 2009ರಲ್ಲಿ ಬಿಟ್‌ಕಾಯಿನ್ ಶುರುವಾದಾಗ, ಒಂದೇ ಲೆಕ್ಕದ ಪುಸ್ತಕವನ್ನು ಸಾವಿರಾರು ಕಂಪ್ಯೂಟರುಗಳು ಇಟ್ಟುಕೊಂಡು ಒಂದನ್ನೊಂದು ತಾಳೆ ನೋಡುವುದು ಸಾಧ್ಯವೆಂದು ತಿಳಿಯಿತು; ಹೀಗೆ ಹಂಚಿಕೊಂಡ ಪುಸ್ತಕವೇ ಬ್ಲಾಕ್‌ಚೈನ್. ಬಿಟ್‌ಕಾಯಿನ್‌ನ ಪ್ರೋಗ್ರಾಮ್ ಭಾಷೆಯಲ್ಲಿ ಮಾತ್ರ ಒಂದೇ ಕೆಲಸವನ್ನು ಮರಳಿ ಮರಳಿ ಮಾಡಿಸುವ ಅವಕಾಶವಿರಲಿಲ್ಲ. 2013ರ ಕೊನೆಯಲ್ಲಿ ವಿಟಾಲಿಕ್ ಬುಟೆರಿನ್ ಆ ಮಿತಿಯನ್ನು ದಾಟುವ ಎಥೀರಿಯಂ ಎಂಬ ಜಾಲದ ಯೋಜನೆ ಬರೆದರು; 2014ರಲ್ಲಿ ಗ್ಯಾವಿನ್ ವುಡ್ ಅದರ ವರ್ಚುವಲ್ ಮೆಷೀನಿನ ನಿಯಮಗಳನ್ನು ಗಣಿತದ ಭಾಷೆಯಲ್ಲಿ ಬಿಡಿಸಿಟ್ಟರು; 2015ರ ಜುಲೈ 30ರಂದು ಜಾಲ ಚಾಲೂ ಆಯಿತು.

ವರ್ಚುವಲ್ ಮೆಷೀನ್ ಎಂದರೆ ಪ್ರೋಗ್ರಾಮಿನ ರೂಪದಲ್ಲೇ ಇರುವ ಕಂಪ್ಯೂಟರು. ಕರಾರು ಯಾವ ದೇಶದ, ಯಾವ ಕಂಪನಿಯ ಯಂತ್ರದಲ್ಲಿ ಓಡಿದರೂ ಉತ್ತರ ಒಂದೇ ಬರಬೇಕು. ಒಂದು ಅಂಕಿ ವ್ಯತ್ಯಾಸವಾದರೂ ಪುಸ್ತಕಗಳು ಬೇರೆಯಾಗಿಬಿಡುತ್ತವೆ. ಅದಕ್ಕಾಗಿ ಎಥೀರಿಯಂ ಯಂತ್ರದಲ್ಲಿ ದಶಾಂಶದ ತೇಲು ಲೆಕ್ಕವಿಲ್ಲ, ಪೂರ್ಣಾಂಕ ಮಾತ್ರ, ಔಟ್‌ಟರ್ನ್ 26.4 ಆದರೆ ಅದನ್ನು 264 ಎಂದು ಬರೆದು ಕೊನೆಯಲ್ಲಿ ಹತ್ತರಿಂದ ಭಾಗಿಸಬೇಕು. ಕೊನೆಯಿಲ್ಲದೆ ಸುತ್ತುವ ಪ್ರೋಗ್ರಾಮ್ ಇಡೀ ಜಾಲವನ್ನು ನಿಲ್ಲಿಸಬಾರದೆಂದು ಪ್ರತಿ ಹೆಜ್ಜೆಗೂ ‘ಗ್ಯಾಸ್’ ಎಂಬ ಕೂಲಿ ಇದೆ. ಎರಡು ಸಂಖ್ಯೆ ಕೂಡಿಸಲು 3 ಗ್ಯಾಸ್. ಪುಸ್ತಕದಲ್ಲಿ ಹೊಸದೊಂದು ಅಂಕಿ ಶಾಶ್ವತವಾಗಿ ಬರೆಯಲು ಸುಮಾರು 20,000. ಕೊಟ್ಟ ಗ್ಯಾಸ್ ಮುಗಿದರೆ ಕೆಲಸ ಅಲ್ಲಿಗೇ ರದ್ದು.

ಕೂಲಿಯ ದರ ತಪ್ಪಿದರೆ ಏನಾಗುತ್ತದೆಂಬುದು 2016ರಲ್ಲಿ ಗೊತ್ತಾಯಿತು. ಡಿಸ್ಕಿನಿಂದ ಓದಿಸುವ ಕೆಲವು ಆದೇಶಗಳು ತೀರಾ ಅಗ್ಗವಾಗಿದ್ದುದನ್ನು ಕಂಡ ದಾಳಿಕೋರರು ಅವನ್ನೇ ಲೆಕ್ಕವಿಲ್ಲದಷ್ಟು ಬಾರಿ ಕರೆದು ಜಾಲವನ್ನು ತೆವಳುವಂತೆ ಮಾಡಿದರು. ಆ ಅಕ್ಟೋಬರಿನಲ್ಲೇ ದರ ಏರಿತು. 2021ರ ಏಪ್ರಿಲ್‌ನಲ್ಲಿ, ಒಂದು ವ್ಯವಹಾರದಲ್ಲಿ ಮೊದಲ ಬಾರಿ ಓದುವ ಅಂಕಿಗೆ 2,100, ಮತ್ತೆ ಓದಿದರೆ 100 ಎಂಬ ಭೇದ ಬಂತು. ಯಂತ್ರವನ್ನು ಚುರುಕುಗೊಳಿಸುವ ಕೆಲಸದಲ್ಲೂ ಇದೇ ಪಾಠ: ಸಮಯ ತಿನ್ನುವುದು ಕೂಡುವ ಗುಣಿಸುವ ಕೆಲಸಕ್ಕಿಂತ ಹೆಚ್ಚಾಗಿ ಪುಸ್ತಕದ ಪುಟ ಹುಡುಕುವುದು. ಓಡುವಾಗಲೇ ಪ್ರೋಗ್ರಾಮನ್ನು ಕಂಪ್ಯೂಟರಿನ ಸ್ವಂತ ಭಾಷೆಗೆ ಇಳಿಸುವ ತಂತ್ರ ಬೇರೆಡೆ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಆ ಇಳಿಸುವ ಕೆಲಸವನ್ನೇ ಭಾರವಾಗಿಸುವ ಪ್ರೋಗ್ರಾಮ್ ಬರೆದು ಕಾಡುವವರಿರುವುದರಿಂದ ಎಚ್ಚರ ಬೇಕಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ವ್ಯವಹಾರಗಳನ್ನು ಏಕಕಾಲಕ್ಕೆ ಓಡಿಸುವ ಪ್ರಯತ್ನಗಳು ಹೆಚ್ಚು ಫಲ ಕೊಟ್ಟಿವೆ. ವ್ಯಾಪಾರಸ್ಥರ ಒಳಜಾಲಗಳಿಗೆ ದಾರಿ ಬೇರೆ: 2017ರ ಜುಲೈನಲ್ಲಿ 1.0 ಆವೃತ್ತಿ ಬಂದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಲ್ಲಿ ಸದಸ್ಯರೆಲ್ಲ ಗುರುತಿನವರು, ಗ್ಯಾಸ್ ಇಲ್ಲ, ಕರಾರು ಗೊ, ಜಾವಾದಂಥ ಸಾಮಾನ್ಯ ಭಾಷೆಯಲ್ಲೇ ಇರುತ್ತದೆ.

ಕಾಫಿ ಮಂಡಳಿ ಈ ಕಡೆಗೆ ತಿರುಗಿದ್ದು 2019ರ ಮಾರ್ಚ್ 28ರಂದು. ಅಂದು ಕೇಂದ್ರ ವಾಣಿಜ್ಯ ಕಾರ್ಯದರ್ಶಿ ಅನೂಪ್ ವಾಧವನ್ ದೆಹಲಿಯಿಂದ ವಿಡಿಯೋ ಮೂಲಕ, ಬ್ಲಾಕ್‌ಚೈನ್ ಆಧಾರಿತ ಕಾಫಿ ಇ-ಮಾರುಕಟ್ಟೆಗೆ ಪ್ರಾಯೋಗಿಕವಾಗಿ ಚಾಲನೆ ಕೊಟ್ಟರು. ತಂತ್ರಾಂಶ ರೂಪಿಸಿದ್ದು ಏಕಾ ಪ್ಲಸ್. ಬೆಳೆಗಾರರು, ರಫ್ತುದಾರರು, ಹುರಿಯುವವರು, ಚಿಲ್ಲರೆ ಮಾರಾಟಗಾರರು ಸೇರಿ ನೋಂದಾಯಿಸಿಕೊಂಡವರು ಸುಮಾರು 20 ಮಂದಿ. ತೋಟದ ಜಾಗ, ಎತ್ತರ, ಬೆಳೆಯ ವಿವರ, ಪ್ರಮಾಣಪತ್ರ ನಮೂದಿಸಿ, ಮಾರುವ ಪ್ರತಿ ಲಾಟಿಗೂ ಒಂದು ಬ್ಲಾಕ್ ತೆರೆದು, ಆಮೇಲೆ ತಿದ್ದಲಾಗದಂತೆ ಅದು ಮಾಲಿನ ಜೊತೆ ಸಾಗಬೇಕೆಂಬುದು ಯೋಜನೆ. ಬೆಳೆಗಾರನಿಗೂ ಕೊಳ್ಳುವವನಿಗೂ ನಡುವೆ ಇರುವ ಕೈಗಳನ್ನು ಕಡಿಮೆ ಮಾಡುವುದು ಹೇಳಿದ ಉದ್ದೇಶ. ಅದೇ ತಿಂಗಳು ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರೀಸ್ ಅರೇಬಿಕಾ ಸೇರಿ ಐದು ಭಾರತೀಯ ಕಾಫಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಎಲ್ಲವನ್ನೂ ಒಂದೇ ರಾಶಿಗೆ ಸುರಿದ ಪೂಲಿನ ಕಾಲದಲ್ಲಿ ಊರಿನ ಹೆಸರಿನ ಕಾಫಿಗೆ ಹೀಗೆ ಬೆಲೆ ಬರುವ ಅವಕಾಶವೇ ಕಡಿಮೆಯಿತ್ತು.

ಲೆಕ್ಕ ತಿದ್ದದಂತೆ ಕಾಯುವುದು ಬ್ಲಾಕ್‌ಚೈನಿಗೆ ಸಾಧ್ಯ. ಲೆಕ್ಕಕ್ಕೆ ಬಂದ ಅಂಕಿ ನಿಜವೇ ಎಂದು ನೋಡುವುದು ಅದರ ಕೈಯಲ್ಲಿಲ್ಲ. ವರ್ಚುವಲ್ ಮೆಷೀನ್ ಹೊರಗಿನ ಜಗತ್ತನ್ನು ತಾನಾಗಿ ಕೇಳುವಂತಿಲ್ಲ, ಏಕೆಂದರೆ ಒಂದೇ ಪ್ರಶ್ನೆಗೆ ಒಂದೊಂದು ಯಂತ್ರಕ್ಕೆ ಒಂದೊಂದು ಉತ್ತರ ಸಿಕ್ಕರೆ ಪುಸ್ತಕ ಒಡೆಯುತ್ತದೆ. ತೇವಾಂಶದ ಮೀಟರಿನ ಅಂಕಿ, ಮಾದರಿಯ ಔಟ್‌ಟರ್ನ್, ಕಪ್ ರುಚಿಯ ಅಂಕಗಳನ್ನು ಯಾರೋ ಒಳಗೆ ಹಾಕಲೇಬೇಕು. ಮೂಡಿಗೆರೆಯ ಗೋದಾಮಿನಲ್ಲಿ ಸಂಜೆ ಹೊತ್ತು ನಡೆಯುವ ವಾದ ಇದೇ ಅಂಕಿಗಳ ಮೇಲೆ, ಗುಣಾಕಾರದ ಮೇಲಲ್ಲ. ಪೂಲಿನ ಕಾಲದಲ್ಲಿ ಅಂಕಿ ಹಾಕುವ ಈ ಜಾಗದಲ್ಲಿ ಮಂಡಳಿಯ ಏಜೆಂಟನಿದ್ದ, ಅದಕ್ಕೂ ಮೊದಲು ಕಂಪನಿಯ ಏಜೆಂಟನಿದ್ದ.

ಮೂಲದ ದಾಖಲೆಗೆ ಒತ್ತಾಯ ಈಗ ಬಂದಿರುವುದು ಹೊರಗಿನಿಂದ. ಭಾರತದ ಕಾಫಿಯ ದೊಡ್ಡ ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ ಮುಖ್ಯ ಗ್ರಾಹಕರು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಅರಣ್ಯನಾಶ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಪ್ರತಿ ಲಾಟಿಗೂ ತೋಟದ ಅಕ್ಷಾಂಶ ರೇಖಾಂಶ ಬೇಕು. ನಾಲ್ಕು ಹೆಕ್ಟೇರ್‌ವರೆಗಿನ ಜಮೀನಿಗೆ ಒಂದು ಬಿಂದು ಸಾಕು; ಅದಕ್ಕಿಂತ ದೊಡ್ಡದಕ್ಕೆ ಸುತ್ತಲಿನ ಗಡಿಯನ್ನೇ ನಕ್ಷೆಯಲ್ಲಿ ಕೊಡಬೇಕು. ವ್ಯಾಪಾರಿಗಳಿಗೆ ಇದನ್ನು ಕಡ್ಡಾಯ ಮಾಡುವ ದಿನ ಎರಡು ಬಾರಿ ಮುಂದಕ್ಕೆ ಹೋಗಿದೆ. ಅಲ್ಲಿಯವರೆಗೆ ಕಾಫಿ ಮಂಡಳಿಯ ಮುಂದಿರುವ ಕೆಲಸ ಸಣ್ಣ ಹಿಡುವಳಿದಾರರ ತೋಟಗಳನ್ನು ಒಂದೊಂದಾಗಿ ನೋಂದಾಯಿಸಿ, ಗಡಿ ಗುರುತಿಸುವುದು.