ಬಿಸಿಲಿಗೇ ಟೋಪಿ ಹಾಕಿದ ಹಕ್ಕಿ

"ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ!" ಈ ಮಾತು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಕಡಿಮೆ, ಅಲ್ವಾ? ನಮ್ಮಕ್ಕನಿಗೆ ಈಗ ನಾಲ್ಕು ತಿಂಗಳ ಪಾಪು ಇದೆ. ಎಣ್ಣೆ ಹಚ್ಚಿ ಎಳೆ ಬಿಸಿಲಿಗೆ ಹಿಡೀಬೇಕು ಅಂತಾರೆ ಅಜ್ಜಿ. ಸನ್‌ಸ್ಕ್ರೀನ್ ತರಿಸ್ತೀನಿ ಅಂತಾಳೆ ಅಕ್ಕ. ಈ ಜಗಳದ ಹಿಂದೆ ನೂರು ವರ್ಷದ ಕಥೆ ಇದೆ.

1919. ಮೊದಲ ಮಹಾಯುದ್ಧ ಮುಗಿದ ಬರ್ಲಿನ್. ಊಟಕ್ಕೂ ತತ್ವಾರ. ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಹಾಗೆ ಬಾಗೋ ರಿಕೆಟ್ಸ್ ಕಾಯಿಲೆ ಮಕ್ಕಳನ್ನ ಕಾಡ್ತಿತ್ತು. ಕುರ್ಟ್ ಹುಲ್ಡ್‌ಶಿನ್ಸ್ಕಿ ಅನ್ನೋ ಡಾಕ್ಟರ್ ಅಂಥ ಮಕ್ಕಳಿಗೆ ಪಾದರಸದ ದೀಪದಿಂದ ಅತಿನೇರಳೆ ಬೆಳಕು ಕೊಟ್ಟರು. ಮೂಳೆ ಗಟ್ಟಿಯಾಯ್ತು. ಒಂದೇ ಕೈಗೆ ಬೆಳಕು ಬಿಟ್ಟರೂ ಎರಡೂ ಕೈ ಸುಧಾರಿಸ್ತು! ಅಂದ್ರೆ ಚರ್ಮ ಏನನ್ನೋ ತಯಾರಿಸಿ ಇಡೀ ಮೈಗೆ ಕಳಿಸ್ತಿದೆ. ಅದೇ ನಮಗೆ ಗೊತ್ತಿರೋ ವಿಟಮಿನ್ ಡಿ. ಆಮೇಲೆ ಯುರೋಪ್, ಅಮೆರಿಕದಲ್ಲಿ ಮಕ್ಕಳನ್ನ ಬಿಸಿಲಿಗೆ ಬಿಡೋದೇ ಒಳ್ಳೆ ಆರೈಕೆ ಅನ್ನಿಸ್ಕೊಳ್ತು.

ನಾನು ಬಿಕಾಂ ಓದಿದ್ದು, ಹಾಗಾಗಿ ಹೇಳ್ತೀನಿ: ಇದು ಜಮೆ ಬದಿ ಮಾತ್ರ. ಖರ್ಚಿನ ಬದಿ ಎದ್ದು ಕಂಡಿದ್ದು ಆಸ್ಟ್ರೇಲಿಯಾದಲ್ಲಿ. ಬ್ರಿಟನ್, ಐರ್ಲೆಂಡ್‌ನ ಮೋಡದಡಿ ಬಾಳಿದವರ ವಂಶದ ತೆಳು ಬಣ್ಣದ ಚರ್ಮ, ಸುಡುಬಿಸಿಲಿನ ದೇಶ, ಸಾಲದ್ದಕ್ಕೆ ಬೀಚ್ ಹುಚ್ಚು. 70 ವರ್ಷ ತುಂಬೋದ್ರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದ್ರೂ ಬಗೆಯ ಚರ್ಮದ ಕ್ಯಾನ್ಸರ್ ಬರುತ್ತೆ ಅನ್ನೋದು ಅಲ್ಲಿನ ಲೆಕ್ಕ. ಬಾಲ್ಯದಲ್ಲಿ ಸುಟ್ಟ ಚರ್ಮ ಅದನ್ನ ಮರೆಯಲ್ಲ.

1981ರಲ್ಲಿ ವಿಕ್ಟೋರಿಯಾದ ಕ್ಯಾನ್ಸರ್ ಕೌನ್ಸಿಲ್ ಟಿವಿಗೆ ಒಂದು ಕಾರ್ಟೂನ್ ಕಡಲಹಕ್ಕಿಯನ್ನ ತಂತು. ಹೆಸರು ಸಿಡ್. ಅದು ಕುಣೀತಾ ಹೇಳಿದ್ದು ಮೂರೇ ಮಾತು, 'ಸ್ಲಿಪ್, ಸ್ಲಾಪ್, ಸ್ಲ್ಯಾಪ್'. ಅಂಗಿ ತೊಡು, ಸನ್‌ಸ್ಕ್ರೀನ್ ಬಳಿ, ಟೋಪಿ ಇಡು. 1988ರಲ್ಲಿ ಇದು ಸನ್‌ಸ್ಮಾರ್ಟ್ ಅನ್ನೋ ದೊಡ್ಡ ಕಾರ್ಯಕ್ರಮ ಆಯ್ತು. ಶಾಲೆಗಳಲ್ಲಿ ಟೋಪಿ ಇಲ್ಲದಿದ್ರೆ ಮೈದಾನಕ್ಕೆ ಬಿಡಲ್ಲ ಅನ್ನೋ ರೂಲ್ಸ್ ಬಂತು. 2007ರಲ್ಲಿ ನೆರಳು, ಕೂಲಿಂಗ್ ಗ್ಲಾಸ್ ಎರಡೂ ಪಟ್ಟಿಗೆ ಸೇರಿದವು. ಈ ಪಾಠ ಕೇಳ್ತಾ ಬೆಳೆದ ಯುವಕರಲ್ಲಿ ಮೆಲನೋಮ ಅನ್ನೋ ಅಪಾಯದ ಕ್ಯಾನ್ಸರ್ ಇಳೀತು.

ಸರಿ, ನಮ್ಮ ಪಾಪು ವಿಷಯಕ್ಕೆ ಬರೋಣ. ನಮ್ಮ ಚರ್ಮದಲ್ಲಿ ಮೆಲನಿನ್ ಜಾಸ್ತಿ, ಆ ಕ್ಯಾನ್ಸರ್ ಭಯ ತುಂಬಾ ಕಡಿಮೆ. ಆದ್ರೆ ಎಳೆ ಚರ್ಮ ಸುಡುತ್ತೆ, ಸೆಕೆಗೆ ಕೂಸಿನ ಮೈಯ ನೀರು ಬೇಗ ಆರುತ್ತೆ. ಅದಕ್ಕೆ ಆರು ತಿಂಗಳವರೆಗೆ ನೆರಳು, ತೆಳು ಹತ್ತಿ ಬಟ್ಟೆ, ಟೋಪಿಯೇ ಮೊದಲು. ಸನ್‌ಸ್ಕ್ರೀನ್ ಆಮೇಲಿನ ಮಾತು. ಅಕ್ಕ ಇಲ್ಲಿ ಸೋತಳು. ಇನ್ನು ಎಳೆ ಬಿಸಿಲು ಹಿತ ನಿಜ, ಆದ್ರೆ ವಿಟಮಿನ್ ಡಿ ಮಾಡಿಸೋ ಕಿರಣ ಆ ಹೊತ್ತಲ್ಲಿ ತೀರಾ ಕಮ್ಮಿ. ಅದಕ್ಕೇ ಡಾಕ್ಟರು ಡ್ರಾಪ್ಸ್ ಬರೆದುಕೊಡೋದು. ಅಜ್ಜಿಗೂ ಅರ್ಧ ಮಾರ್ಕ್ಸ್.

ಒಂದು ಮಾತು ಮಾತ್ರ ನನ್ನ ಮನಸ್ಸಲ್ಲಿ ಉಳೀತು. ಸಿಡ್ ಹಕ್ಕಿ ಯಾವ ಮಗುವಿಗೂ "ಕಪ್ಪಾಗ್ತೀಯ" ಅಂತ ಹೆದರಿಸ್ಲಿಲ್ಲ. ಅಲ್ಲಿ ಮಕ್ಕಳು ಟೋಪಿ ಹಾಕಿದ್ದು ಆಡೋದಕ್ಕೆ. ನಮ್ಮಲ್ಲಿ ಬಣ್ಣದ ಭಯ ಆಟವನ್ನೇ ನಿಲ್ಲಿಸ್ತು, ಅದೂ ಹೆಚ್ಚಾಗಿ ಹೆಣ್ಣುಮಕ್ಕಳದ್ದು. ನಮ್ಮ ಪಾಪುಗೆ ಟೋಪಿ ಬಂದಿದೆ. ಆ ಮಾತು ಮಾತ್ರ ಮನೆಯೊಳಗೆ ಬರಬಾರದು ಅಂತ ಅಜ್ಜಿ, ಅಕ್ಕ ಇಬ್ಬರೂ ಒಪ್ಪಿದ್ದಾರೆ.