ಡೀಸೆಲ್ ಮೋಟಾರು ದೋಣಿ: ಸೋರಿಕೆ ಮತ್ತು ಎಂಜಿನ್ ದುರಸ್ತಿ

ಡೀಸೆಲ್ ಎಂಜಿನ್ನನ್ನು ಒಡಲೊಳಗೆ ಕೂರಿಸಿದ ದೋಣಿಯಲ್ಲಿ ನೀರಿನ ಸೋರಿಕೆಯೂ ಎಂಜಿನ್ ದೋಷವೂ ಬೇರೆ ಬೇರೆ ತೊಂದರೆಗಳಲ್ಲ. ಎಂಜಿನ್ ತಣಿಸುವ ನೀರು ಹೊರಗಿನಿಂದ ಒಳಬರಬೇಕು. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಒಳಗಿನಿಂದ ಹೊರಚಾಚಬೇಕು. ಇವೆರಡಕ್ಕೂ ನೀರಿನ ಮಟ್ಟಕ್ಕಿಂತ ಕೆಳಗೆ ತೂತು ಅನಿವಾರ್ಯ. ಎಂಜಿನ್ ನಿಂತರೆ ಅದರ ಬಲದಿಂದ ನಡೆಯುವ ಪಂಪೂ ನಿಲ್ಲುತ್ತದೆ; ಒಳಗೆ ನೀರು ಏರಿದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರು ಮುಳುಗಿ ಎಂಜಿನ್ ಮತ್ತೆ ಹೊರಡುವುದಿಲ್ಲ.

ಸೋರಿಕೆಯ ಮೂಲ ಪತ್ತೆ

ದೋಣಿಯ ತಳದಲ್ಲಿ ನಿಂತ ದ್ರವ ಯಾವುದೆಂದು ಗುರುತಿಸುವುದು ಮೊದಲ ಕೆಲಸ. ಕಡಲಿನಲ್ಲಿ ಉಪ್ಪುನೀರು ಕಂಡರೆ ದೋಷ ಒಡಲಿನಲ್ಲೋ ಹೊರನೀರಿನ ಕೊಳವೆಗಳಲ್ಲೋ ಇರುತ್ತದೆ. ಬಣ್ಣದ ನೀರು ಕೂಲೆಂಟಿನ ಗುರುತು. ಅದು ವಿಷಕಾರಿಯಾದ್ದರಿಂದ ರುಚಿ ನೋಡಬಾರದು. ಡೀಸೆಲ್ಲನ್ನು ವಾಸನೆಯಿಂದಲೂ ಬಳಸಿದ ಎಂಜಿನ್ ಆಯಿಲನ್ನು ಕಪ್ಪು ಬಣ್ಣದಿಂದಲೂ ತಿಳಿಯಬಹುದು. ತಳವನ್ನು ಒರೆಸಿ ಒಣಗಿಸಿ, ಎಂಜಿನ್ ನಿಂತಾಗಲೂ ಓಡುವಾಗಲೂ ನೀರು ಏರುವ ವೇಗವನ್ನು ಹೋಲಿಸಬೇಕು. ನಿಂತಾಗಲೂ ಏರಿದರೆ ಒಡಲು, ನೀರಿನ ವಾಲ್ವು, ಚುಕ್ಕಾಣಿಯ ದಂಡ ಹಾಗೂ ಶಾಫ್ಟಿನ ಸೀಲನ್ನು ನೋಡಬೇಕು. ಓಡುವಾಗ ಮಾತ್ರ ಏರಿದರೆ ತಣಿಸುವ ನೀರಿನ ಪಂಪು, ಹೋಸ್ ಪೈಪು ಅಥವಾ ಎಕ್ಸಾಸ್ಟ್ ಕೊಳವೆಯ ಮೇಲೆ ಸಂಶಯ ಬೀಳುತ್ತದೆ.

ಒಡಲಿನ ಸೋರಿಕೆ

ಸಣ್ಣ ತೂತೂ ಅಲ್ಪವಲ್ಲ. ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗಿರುವ 25 ಮಿ.ಮೀ. ವ್ಯಾಸದ ತೂತಿನಿಂದ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ನುಗ್ಗುತ್ತದೆ. ಅದಕ್ಕಾಗಿಯೇ ಪ್ರತಿ ವಾಲ್ವಿನ ಪಕ್ಕದಲ್ಲಿ ಅದರ ಅಳತೆಯ ಮೆದುಮರದ ಬಿರಡೆಯನ್ನು ಕಟ್ಟಿಡುವ ರೂಢಿಯಿದೆ. ಬಿರುಕು ಬಿಟ್ಟಲ್ಲಿ ಬಟ್ಟೆ ಅಥವಾ ರಬ್ಬರು ಹಾಸಿ, ಮೇಲೆ ಹಲಗೆಯಿಟ್ಟು ಒತ್ತುಗಂಬ ಕೊಡುವುದು ತಾತ್ಕಾಲಿಕ ಉಪಾಯ. ಇದು ದಡ ಸೇರುವವರೆಗಿನ ವ್ಯವಸ್ಥೆ ಮಾತ್ರ.

ಶಾಶ್ವತ ದುರಸ್ತಿ ಒಡಲಿನ ವಸ್ತುವನ್ನು ಅವಲಂಬಿಸುತ್ತದೆ. ಮರದ ದೋಣಿಯಲ್ಲಿ ಹಲಗೆಗಳ ಸಂದಿನಿಂದ ಹಳೆಯ ತುಂಬುವಿಕೆ ಕಿತ್ತು, ಹೊಸ ಹತ್ತಿಯ ಎಳೆ ಬಡಿದು, ಮೇಲೆ ಪುಟ್ಟಿ ಮೆತ್ತುತ್ತಾರೆ. ಬಹುಕಾಲ ದಡದಲ್ಲಿ ಒಣಗಿದ ಮರದ ದೋಣಿ ನೀರಿಗಿಳಿದ ಮೊದಮೊದಲು ಸೋರುವುದುಂಟು. ಹಲಗೆ ನೀರು ಕುಡಿದು ಉಬ್ಬಿದಂತೆ ಸಂದು ಮುಚ್ಚಿಕೊಳ್ಳುತ್ತದೆ. ಫೈಬರ್ ದೋಣಿಯಲ್ಲಿ ಒಡೆದ ಭಾಗವನ್ನು ಗಟ್ಟಿ ಪದರ ಸಿಗುವವರೆಗೆ ಇಳಿಜಾರಾಗಿ ಉಜ್ಜಿ, ಪೂರ್ತಿ ಒಣಗಿಸಿ, ಗಾಜಿನ ನಾರು ಮತ್ತು ರಾಳದ ಪದರಗಳನ್ನು ಕೂರಿಸಬೇಕು. ಉಕ್ಕಿನ ಒಡಲಿನಲ್ಲಿ ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ.

ಶಾಫ್ಟಿನ ಸೀಲು

ಹಳೆಯ ಮಾದರಿಯ ದೋಣಿಗಳಲ್ಲಿ ಶಾಫ್ಟಿನ ಸುತ್ತ ಗ್ರೀಸು ಅಥವಾ ಮೇಣ ತುಂಬಿದ ಹುರಿಯ ಸುತ್ತುಗಳನ್ನಿಟ್ಟು ನಟ್ಟಿನಿಂದ ಒತ್ತಿರುತ್ತಾರೆ. ಸಾಮಾನ್ಯವಾಗಿ ಇಂಥ ಗ್ಲ್ಯಾಂಡು ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಸೋರಬೇಕು. ಆ ಹನಿಗಳೇ ಅದನ್ನು ತಣಿಸುತ್ತವೆ. ಒಂದು ಹನಿಯೂ ಬೀಳದಂತೆ ಬಿಗಿದರೆ ಹುರಿ ಸುಟ್ಟು ಶಾಫ್ಟ್ ಸವೆಯುತ್ತದೆ. ಬಿಗಿದರೂ ಸೋರಿಕೆ ತಗ್ಗದಿದ್ದರೆ ಹುರಿ ಬದಲಿಸಬೇಕು. ಹೊಸ ಹುರಿಯೂ ಬೇಗ ಸವೆದರೆ ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿಲ್ಲ ಎಂದು ಊಹಿಸಬಹುದು. ದಡಕ್ಕೆ ಎಳೆದಾಗ ಒಡಲು ತುಸು ಬಾಗುವುದರಿಂದ ಈ ನೇರವನ್ನು ದೋಣಿ ತೇಲುತ್ತಿರುವಾಗಲೇ ಅಂತಿಮವಾಗಿ ಹೊಂದಿಸಬೇಕು.

ಇಂಧನದ ತೊಂದರೆ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಓಡುತ್ತಿದ್ದ ಎಂಜಿನ್ ತಾನಾಗಿ ನಿಂತರೆ ಮೊದಲು ಇಂಧನದ ದಾರಿಯನ್ನೇ ಪರೀಕ್ಷಿಸುತ್ತಾರೆ. ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಆ ಲೋಳೆ ಫಿಲ್ಟರನ್ನು ಕಟ್ಟುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಅದಕ್ಕಾಗಿ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತುತ್ತಾರೆ. ಇಂಜೆಕ್ಟರಿನ ಸಿಂಪಡಣೆಗೆ ಎಂದೂ ಕೈ ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಬಿಸಿ ಎಕ್ಸಾಸ್ಟಿನ ಮೇಲೆ ಡೀಸೆಲ್ ಚಿಮ್ಮಿದರೆ ಬೆಂಕಿ ಹತ್ತಬಹುದು. ಹಾಗಾಗಿ ಇಂಧನ ಕೊಳವೆಯ ಸಣ್ಣ ಜಿನುಗನ್ನೂ ಕೂಡಲೇ ಸರಿಪಡಿಸಬೇಕು.

ಬಿಸಿಯೇರುವಿಕೆ ಮತ್ತು ಹೊಗೆ

ಎಂಜಿನ್ ಬಿಸಿಯೇರಿದಾಗ ಎಕ್ಸಾಸ್ಟಿನ ಜೊತೆ ನೀರು ಹೊರಬೀಳುತ್ತಿದೆಯೇ ಎಂದು ನೋಡಬೇಕು. ಬೀಳದಿದ್ದರೆ ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಸಿಲುಕಿರಬಹುದು, ಅಥವಾ ಪಂಪಿನೊಳಗಿನ ರಬ್ಬರಿನ ಇಂಪೆಲ್ಲರ್ ಹರಿದಿರಬಹುದು. ನೀರಿಲ್ಲದೆ ತಿರುಗಿದರೆ ಇಂಪೆಲ್ಲರ್ ಬೇಗನೆ ಹಾಳಾಗುತ್ತದೆ. ಅದರ ಮುರಿದ ಎಸಳುಗಳನ್ನು ಹುಡುಕಿ ತೆಗೆಯದಿದ್ದರೆ ಅವು ಮುಂದಿನ ಕೊಳವೆಗಳಲ್ಲಿ ಅಡ್ಡ ನಿಲ್ಲುತ್ತವೆ.

ಕಪ್ಪು ಹೊಗೆ ಅತಿಭಾರ, ಗಾಳಿಯ ಕೊರತೆ ಅಥವಾ ಪ್ರೊಪೆಲ್ಲರಿಗೆ ಸುತ್ತಿದ ಬಲೆ ಹಗ್ಗಗಳ ಸೂಚನೆ. ನೀಲಿ ಹೊಗೆ ಆಯಿಲ್ ಉರಿಯುವುದನ್ನೂ, ಬಿಳಿ ಹೊಗೆ ಉರಿಯದ ಇಂಧನ ಅಥವಾ ಹಬೆಯನ್ನೂ ಸೂಚಿಸುತ್ತದೆ.

ಎಂಜಿನ್ನಿಗೆ ನೀರು ಸೇರಿದಾಗ

ಆಯಿಲ್ ಹಾಲಿನಂತೆ ಬೆಳ್ಳಗಾದರೆ ಅದಕ್ಕೆ ನೀರು ಬೆರೆತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ಎಕ್ಸಾಸ್ಟಿನಿಂದ ಹಿಮ್ಮರಳಿದ ನೀರು ಇದಕ್ಕೆ ಮುಖ್ಯ ಕಾರಣಗಳು. ಹೊತ್ತಿಕೊಳ್ಳದ ಎಂಜಿನ್ನನ್ನು ಮತ್ತೆ ಮತ್ತೆ ತಿರುಗಿಸಿದರೂ ಎಕ್ಸಾಸ್ಟಿನಲ್ಲಿ ನೀರು ತುಂಬಿ ಸಿಲಿಂಡರಿಗೆ ನುಗ್ಗಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮುನ್ನ ಇಂಜೆಕ್ಟರುಗಳನ್ನು ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಮೇಲೆತ್ತಿದ ಕೂಡಲೇ ಸಿಹಿನೀರಿನಿಂದ ತೊಳೆದು ಆಯಿಲ್ ಬದಲಿಸಬೇಕು. ಗಾಳಿ ತಗುಲಿದೊಡನೆ ತುಕ್ಕು ಹಿಡಿಯತೊಡಗುತ್ತದೆ.

ದುರಸ್ತಿಯ ಕಾಲ

ಒಡಲು ಮತ್ತು ಶಾಫ್ಟಿನ ದೊಡ್ಡ ಕೆಲಸಗಳಿಗೆ ದೋಣಿಯನ್ನು ದಡಕ್ಕೆ ಎಳೆಯಬೇಕಾಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮಲ್ಪೆ, ಮಂಗಳೂರಿನಂಥ ಬಂದರುಗಳ ಬೋಟುಗಳ ವಾರ್ಷಿಕ ದುರಸ್ತಿ ಹೆಚ್ಚಾಗಿ ಈ ಬಿಡುವಿನಲ್ಲೇ ನಡೆಯುತ್ತದೆ.