ಮೈನರ್ ಮಗುವಿನ ಹಣ: ಕಲಬುರಗಿ ಸೀಮೆಯ ಒಂದು ಹಳೆಯ ಲೆಕ್ಕ

ಮನೆಯ ಯಜಮಾನ ಅಕಾಲದಲ್ಲಿ ತೀರಿಕೊಂಡು, ಆರು ವರ್ಷದ ಮಗುವಿನ ಹೆಸರಿನಲ್ಲಿ ಒಂದಿಷ್ಟು ಹಣ ಉಳಿದಿದೆ ಎಂದುಕೊಳ್ಳೋಣ. ಹಣ ಮಗುವಿನದು. ಆದರೆ ಅದನ್ನು ಮುಟ್ಟುವ ಕೈ ಸೋದರಮಾವನದೋ ಚಿಕ್ಕಪ್ಪನದೋ ಆಗಿರುತ್ತದೆ. ಮಗು ಪ್ರಾಯಕ್ಕೆ ಬರುವವರೆಗೆ ಅದನ್ನು ಎಲ್ಲಿ ತೊಡಗಿಸಬೇಕು? ದೂರದರ್ಶನದ ಮಾತುಕತೆಗಳಲ್ಲಿ ಇಂಥ ಪ್ರಶ್ನೆ ಬಂದಾಗ ಉತ್ತರವಾಗಿ ಬರುವುದು ಸಾಮಾನ್ಯವಾಗಿ ಬಡ್ಡಿದರಗಳ ಪಟ್ಟಿ. ಅದರ ಹಿಂದಿನ ಇತಿಹಾಸ ಹೇಳಲು ಅರ್ಧ ಗಂಟೆ ಸಾಲದು. ಆ ಕೊರತೆಯನ್ನು ಈ ಪುಟಗಳಲ್ಲಿ ಸ್ವಲ್ಪ ತುಂಬಿಕೊಳ್ಳಬಹುದು.

ಕಲಬುರಗಿ ನಗರಕ್ಕೂ ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರಕ್ಕೂ ಈ ವಿಷಯದಲ್ಲಿ ಹಳೆಯ ಮೈಸೂರಿನವರಿಗೆ ಇಲ್ಲದ ಒಂದು ಅನುಭವವಿದೆ. 1948ರಿಂದ 1974ರವರೆಗಿನ ಇಪ್ಪತ್ತಾರು ವರ್ಷಗಳಲ್ಲಿ ಇಲ್ಲಿ ಆಳುವವರು ಬದಲಾದರು, ನಾಣ್ಯ ಬದಲಾಯಿತು, ಕಾನೂನು ಬದಲಾಯಿತು, ಕೊನೆಗೆ ಹೊಲದ ಒಡೆತನವೇ ಬದಲಾಯಿತು. ಒಂದೊಂದು ಬದಲಾವಣೆಯೂ ಯಾವುದೋ ಮಗುವಿನ ಪಾಲಿನ ಹಣದ ಮೇಲೆ ಹಾದುಹೋಯಿತು.

ಮೊದಲು ನಾಣ್ಯದ ಮಾತು. ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಜನ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ಸಿಕ್ಕಾಗಳಿಗೆ ಆರು ಕಲ್ದಾರ್ ಎಂಬುದು ವಿನಿಮಯದ ಲೆಕ್ಕ. 1950ರ ದಶಕದಲ್ಲಿ ಹಾಲಿ ಸಿಕ್ಕಾ ಕ್ರಮೇಣ ಮರೆಯಾದಾಗ, ಪೆಟ್ಟಿಗೆಯಲ್ಲಿ ಇಟ್ಟಿದ್ದ 700 ರೂಪಾಯಿ 600 ಆಯಿತು. ಬೆಲೆಯ ದೃಷ್ಟಿಯಿಂದ ಇದು ನಷ್ಟವಲ್ಲ, ಬರೀ ಲೆಕ್ಕದ ಬದಲಾವಣೆ. ಆದರೂ ಪ್ರಾಯಕ್ಕೆ ಬಂದ ಹುಡುಗನ ಮುಂದೆ ಕುಳಿತು ಇದನ್ನು ವಿವರಿಸಬೇಕಾದ ಚಿಕ್ಕಪ್ಪನ ಪಾಡನ್ನು ಊಹಿಸಿಕೊಳ್ಳಿ!

ಕಾನೂನಿನ ಕಥೆ ಇದಕ್ಕಿಂತ ಮುಖ್ಯವಾದದ್ದು. 1882ರ ಭಾರತೀಯ ನ್ಯಾಸ ಕಾಯಿದೆ 1951ರಲ್ಲಿ ಹೈದರಾಬಾದ್ ರಾಜ್ಯಕ್ಕೂ ವಿಸ್ತರಿಸಿತು. ಅದರ 15ನೇ ಕಲಮು, ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಸೊತ್ತನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನ್ಯಾಸದ ಸೊತ್ತನ್ನು ನೋಡಿಕೊಳ್ಳಬೇಕು ಎಂದು ವಿಶ್ವಸ್ತನಿಗೆ ಹೇಳುತ್ತದೆ. ಒಳ್ಳೆಯ ಮಾತು. ಆದರೆ 20ನೇ ಕಲಮಿನಲ್ಲಿ ಒಂದು ಪಟ್ಟಿ ಇತ್ತು: ಸರ್ಕಾರದ ಸಾಲಪತ್ರ, ಸರ್ಕಾರ ಬಡ್ಡಿಗೆ ಹೊಣೆ ನಿಂತ ರೈಲ್ವೆ ಕಂಪನಿಗಳ ಪತ್ರ, ದೊಡ್ಡ ಪಟ್ಟಣಗಳ ಪುರಸಭೆಯ ಸಾಲಪತ್ರ, ಸ್ಥಿರಾಸ್ತಿಯ ಮೊದಲ ಅಡಮಾನ. ಅಡಮಾನದಲ್ಲೂ ಭೂಮಿಯ ಬೆಲೆ ಕೊಟ್ಟ ಸಾಲಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಿರಬೇಕು, ಕಟ್ಟಡವಾದರೆ ಅರ್ಧದಷ್ಟು ಹೆಚ್ಚಿರಬೇಕು. ಈ ಪಟ್ಟಿಯೊಳಗೆ ಹಣ ಹೂಡಿದ ವಿಶ್ವಸ್ತನ ಮೇಲೆ ಬೊಟ್ಟು ಮಾಡುವಂತಿರಲಿಲ್ಲ. ಪಟ್ಟಿಯ ಹೊರಗೆ ಕಾಲಿಟ್ಟು ಕಳೆದುಕೊಂಡರೆ ಅವನು ತನ್ನ ಕೈಯಿಂದಲೇ ತುಂಬಿಕೊಡಬೇಕು.

ಈ ಪಟ್ಟಿ ಯಾರಿಗೆ ಭದ್ರ ಎಂಬುದನ್ನು ನಾವು ಕೇಳಿಕೊಳ್ಳಬೇಕು. ನನಗೆ ತೋರುವಂತೆ ಅದು ಪಾಲಕನಿಗೆ ಭದ್ರ, ಮಗುವಿಗೆ ಅಷ್ಟಾಗಿ ಅಲ್ಲ. ಕಾನೂನು ಕಾಯುತ್ತಿದ್ದುದು ರೂಪಾಯಿಯ ಸಂಖ್ಯೆಯನ್ನು. ಆ ರೂಪಾಯಿಗೆ ಎಷ್ಟು ಜೋಳ ಬರುತ್ತದೆ ಎಂಬುದನ್ನು ಅದು ನೋಡುತ್ತಿರಲಿಲ್ಲ.

ಇದಕ್ಕೆ ಉದಾಹರಣೆ ಬೇಕಾದರೆ ಈ ಸೀಮೆಯ ಅತ್ಯಂತ ಶ್ರೀಮಂತ ಮನೆಗೇ ಹೋಗಬಹುದು. ಆಗ ಕಲಬುರಗಿ ಹೈದರಾಬಾದ್ ರಾಜ್ಯದ ಭಾಗ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1950ರ ಮೇ 10ರಂದು ತನ್ನ ಬಂಧುಗಳಿಗಾಗಿ ಕುಟುಂಬ ನ್ಯಾಸವೊಂದನ್ನು ಬರೆದ. ಅದರ ಮೂಲಧನ 9 ಕೋಟಿ ರೂಪಾಯಿ ಮುಖಬೆಲೆಯ ಸರ್ಕಾರಿ ಸಾಲಪತ್ರಗಳು. ಅದನ್ನು 175 ಪಾಲು ಮಾಡಿ, 5 ಪಾಲನ್ನು ಕಾಯ್ದಿರಿಸಿ, ಮೂರೂವರೆ ಪಾಲನ್ನು ಖರ್ಚಿಗೆ ಇಟ್ಟು, ಉಳಿದ 166½ ಪಾಲುಗಳನ್ನು ಬಂಧುಗಳಿಗೆ ಹಂಚಲಾಯಿತು. ಮುಂದೆ ಸಂಪತ್ತಿನ ತೆರಿಗೆಯ ವ್ಯಾಜ್ಯವಾಗಿ ಈ ಲೆಕ್ಕ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1977ರಲ್ಲಿ ತೀರ್ಪು ಬಂತು. ಕಾಗದದ ಮೇಲೆ ಇದಕ್ಕಿಂತ ಭದ್ರವಾದ ಹೂಡಿಕೆ ಆಗ ದೇಶದಲ್ಲೇ ಇರಲಿಲ್ಲ.

ಆದರೆ ಆ ಕಾಲದಲ್ಲಿ ಸರ್ಕಾರಿ ಪತ್ರದ ಬಡ್ಡಿ ಶೇಕಡಾ 3ರ ಆಸುಪಾಸು. ಬಡ್ಡಿಯನ್ನು ಮುಟ್ಟದೆ ಬೆಳೆಯಲು ಬಿಟ್ಟರೂ ನೂರು ಇನ್ನೂರಾಗಲು 24 ವರ್ಷ ಬೇಕು. 1950ಕ್ಕೆ 24 ಕೂಡಿಸಿ ನೋಡಿ. 1973-74ರಲ್ಲಿ ಸಗಟು ಬೆಲೆಗಳು ಒಂದೇ ವರ್ಷಕ್ಕೆ ಶೇಕಡಾ 20ರಷ್ಟು ಏರಿದವು, ಮರುವರ್ಷ ಇನ್ನೂ ಶೇಕಡಾ 25. ಸರ್ಕಾರ ಒಂದು ಪೈಸೆಯನ್ನೂ ತಪ್ಪಿಸದೆ ಬಡ್ಡಿ ಕೊಟ್ಟಿತು. ಹಣ ಮಾತ್ರ ಒಳಗೊಳಗೇ ಕರಗಿತ್ತು. ಅದೇ ನಿಜಾಮ 1951 ಮತ್ತು 1952ರಲ್ಲಿ ಆಭರಣಗಳಿಗಾಗಿ ಬೇರೆ ನ್ಯಾಸಗಳನ್ನು ಬರೆದಿದ್ದ. ಆ ಆಭರಣಗಳನ್ನು ಕೇಂದ್ರ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆ ವೇಳೆಗೆ ಮೊದಲಿನ ಫಲಾನುಭವಿಗಳಲ್ಲಿ ಎಷ್ಟೋ ಮಂದಿ ಮುದುಕರಾಗಿದ್ದರು ಎಂಬುದು ಬೇರೆ ಮಾತು. ಆಭರಣ ಬಡ್ಡಿ ತರುವುದಿಲ್ಲ, ಶಾಲೆಯ ಫೀಸು ಕಟ್ಟುವುದಿಲ್ಲ. ಮಾರುವ ದಿನದವರೆಗೆ ಕಾಯಬೇಕು.

ಸಾಮಾನ್ಯ ರೈತನ ಮನೆಯಲ್ಲಿ ಸಾಲಪತ್ರವೂ ಇಲ್ಲ, ವಜ್ರವೂ ಇಲ್ಲ. ಅವನು ನಂಬಿದ್ದು ಹೊಲವನ್ನು. ಕಮಲಾಪುರದ ಸುತ್ತಿನ ಕಪ್ಪು ಭೂಮಿ, ತೊಗರಿ, ಜೋಳ, ಹೆಸರಾದ ಕೆಂಪು ಬಾಳೆ. ಆ ಬಾಳೆಯ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು, ಕಾಯುವುದು ಇಲ್ಲಿನವರಿಗೆ ಹೊಸದಲ್ಲ. ತಬ್ಬಲಿ ಮಗುವಿನ ಹಣಕ್ಕೆ ನಾಲ್ಕು ಎಕರೆ ಕೊಂಡು ಪಾಲಿಗೆ ಕೊಟ್ಟರೆ ಕಾಳೂ ಬಂತು, ಭೂಮಿಯೂ ಉಳಿಯಿತು ಎಂಬುದು ಹಿರಿಯರ ಲೆಕ್ಕ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯಿದೆಯೂ ಈ ನಂಬಿಕೆಗೆ ಬಲ ಕೊಟ್ಟಿತು. ಮಗುವಿನ ಸ್ಥಿರಾಸ್ತಿಯನ್ನು ಹೆತ್ತ ತಂದೆಯೇ ಆಗಲಿ, ನ್ಯಾಯಾಲಯದ ಅಪ್ಪಣೆ ಇಲ್ಲದೆ ಮಾರುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ಕೊಡುವಂತಿಲ್ಲ.

ಆದರೆ ಭೂಸುಧಾರಣೆ ಬೇರೆ ದಾರಿಯಲ್ಲಿ ಬರುತ್ತಿತ್ತು. ರಾಜ್ಯದ 1961ರ ಭೂಸುಧಾರಣಾ ಕಾಯಿದೆ ವಿಧವೆಯರು, ಅಪ್ರಾಪ್ತವಯಸ್ಕರು ಮೊದಲಾದವರ ಭೂಮಿಗೆ ಕೆಲವು ರಿಯಾಯಿತಿಗಳನ್ನು ಇಟ್ಟಿತ್ತು. ಸ್ವತಃ ಉಳಲಾರದವರು ಗುತ್ತಿಗೆಗೆ ಕೊಡದೆ ಏನು ಮಾಡಿಯಾರು ಎಂಬುದು ಅದರ ಹಿಂದಿನ ವಿಚಾರ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಆ ರಿಯಾಯಿತಿಗಳು ಹೋದವು. ಉಳಿದದ್ದು ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ. ಗೇಣಿದಾರ ಉಳುತ್ತಿದ್ದ ಭೂಮಿ ಸರ್ಕಾರಕ್ಕೆ ಸೇರಿತು, ಅವನು ಫಾರಂ ನಂಬರ್ 7 ತುಂಬಿ ಒಡೆಯನಾದ. ತಲೆಮಾರುಗಳಿಂದ ದುಡಿದವನಿಗೆ ಇದು ನ್ಯಾಯವೇ. ರಿಯಾಯಿತಿ ಇದ್ದಾಗ ಅದನ್ನು ದೊಡ್ಡ ಜಮೀನುದಾರರು ಮಕ್ಕಳ ಹೆಸರಿನಲ್ಲಿ ದುರುಪಯೋಗ ಮಾಡಿಕೊಳ್ಳಬಹುದಿತ್ತು ಎಂಬುದನ್ನೂ ಮರೆಯಬಾರದು. ಆದರೆ ನಾಲ್ಕೇ ಎಕರೆಯ ತಬ್ಬಲಿಗೂ ಅದೇ ಕಾನೂನು. ಅವನ ಕೈಗೆ ಬಂದದ್ದು ಪರಿಹಾರದ ಅಲ್ಪ ಹಣ, ಅದೂ ಬೆಲೆಗಳು ವರ್ಷಕ್ಕೆ ಶೇಕಡಾ 25ರಷ್ಟು ಏರುತ್ತಿದ್ದ ಹೊತ್ತಿನಲ್ಲಿ. ಪಾಲಕ ತಪ್ಪು ಮಾಡಿದ್ದನೇ? ಕೊಂಡ ದಿನ ಊರಿನ ಎಲ್ಲ ಬುದ್ಧಿವಂತರೂ ಅವನನ್ನು ಮೆಚ್ಚಿರುತ್ತಾರೆ.

ಷೇರುಗಳ ಬಗ್ಗೆ ಒಂದು ಮಾತು ಸಾಕು. ಕಲಬುರಗಿಯ ಹೆಮ್ಮೆಯಾಗಿದ್ದ ಮೆಹಬೂಬ್ ಶಾಹಿ ಮಿಲ್, ಜನರ ಬಾಯಲ್ಲಿ ಎಂಎಸ್‌ಕೆ ಮಿಲ್, 1974ರಲ್ಲೇ ರೋಗಗ್ರಸ್ತ ಗಿರಣಿಗಳ ಸಾಲಿನಲ್ಲಿ ರಾಷ್ಟ್ರೀಕರಣವಾಯಿತು. ಇಲ್ಲಿ ಮಾತ್ರ 20ನೇ ಕಲಮಿನ ಹಳೆಯ ಪಟ್ಟಿ ಮಗುವನ್ನೂ ಕಾಪಾಡಿತು ಎನ್ನಬೇಕು, ಗಿರಣಿ ಷೇರು ಅದರಲ್ಲಿ ಇರಲಿಲ್ಲ.

ಬ್ಯಾಂಕು? 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ, 1962ರಿಂದ ಠೇವಣಿಗೆ ವಿಮೆ ಬಂತು. ಮೊದಲು 1,500 ರೂಪಾಯಿಗೆ, 1993ರಲ್ಲಿ ಒಂದು ಲಕ್ಷಕ್ಕೆ, 2020ರಲ್ಲಿ ಐದು ಲಕ್ಷಕ್ಕೆ. 1988ರ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ಹಣವನ್ನು ಎರಡರಷ್ಟು ಮಾಡುತ್ತಿತ್ತು. ಅಂಚೆ ಕಚೇರಿಯ ಮುಂದೆ ಆಗ ಇದ್ದ ವಿಶ್ವಾಸವನ್ನು ಕಂಡವರು ಮರೆಯಲಾರರು. ಯೂನಿಟ್ ಟ್ರಸ್ಟ್ ಕೂಡ ಸರ್ಕಾರದ್ದೇ ಎಂದು ಜನ ನಂಬಿದ್ದರು. 2001ರ ಜುಲೈನಲ್ಲಿ ಅದರ ಯುಎಸ್-64 ಯೋಜನೆಯ ಮಾರಾಟ ಮತ್ತು ಮರುಖರೀದಿ ನಿಂತಾಗ ಆ ನಂಬಿಕೆಗೆ ಪೆಟ್ಟು ಬಿತ್ತು.

20ನೇ ಕಲಮಿನ ಪಟ್ಟಿಯನ್ನು 2016ರ ತಿದ್ದುಪಡಿ ತೆಗೆದುಹಾಕಿತು. ಯಾವ ಪತ್ರಗಳಲ್ಲಿ ಹೂಡಬಹುದು ಎಂಬುದನ್ನು ನ್ಯಾಸಪತ್ರ ಅಥವಾ ಕೇಂದ್ರದ ಅಧಿಸೂಚನೆ ಹೇಳುವಂತಾಯಿತು. ಹೆಣ್ಣುಮಕ್ಕಳಿಗೆ 2015ರಲ್ಲಿ ಸುಕನ್ಯಾ ಸಮೃದ್ಧಿ ಬಂತು. ಅದರ ಬಡ್ಡಿ 2015-16ರಲ್ಲಿ ಶೇಕಡಾ 9.2, 2024ರ ಜನವರಿಯಲ್ಲಿ 8.2, ಅಂದರೆ ಇಪ್ಪತ್ತೊಂದು ವರ್ಷದ ಖಾತೆಗೆ ಮೊದಲ ದಿನದ ದರ ಕೊನೆಯವರೆಗೆ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. 1875ರ ಪ್ರಾಪ್ತವಯಸ್ಸಿನ ಕಾಯಿದೆಯಂತೆ, ನ್ಯಾಯಾಲಯವೇ ಪಾಲಕನನ್ನು ನೇಮಿಸಿದ ಮಗು 18ಕ್ಕೆ ಅಲ್ಲ, 21ಕ್ಕೆ ಪ್ರಾಯಕ್ಕೆ ಬರುತ್ತಿತ್ತು. ತಂದೆ ಇದ್ದ ಹುಡುಗನಿಗೆ ಕಾಲೇಜು ಸೇರುವ ಹೊತ್ತಿಗೆ ಹಣ ಸಿಕ್ಕರೆ, ತಬ್ಬಲಿಗೆ ಕಾಲೇಜು ಮುಗಿದ ಮೇಲೆ. ಇದು ಹೋದದ್ದು 1999ರ ತಿದ್ದುಪಡಿಯಲ್ಲಿ. ನ್ಯಾಯಾಲಯ ನೇಮಿಸಿದ ಪಾಲಕನಿಂದ ಆರು ತಿಂಗಳೊಳಗೆ ಮಗುವಿನ ಆಸ್ತಿಯ ವಿವರ ಕೇಳುವ, ಆಗಾಗ ಲೆಕ್ಕ ಒಪ್ಪಿಸುವಂತೆ ಹೇಳುವ ಅಧಿಕಾರ 1890ರ ಪಾಲಕರ ಮತ್ತು ಪಾಲಿತರ ಕಾಯಿದೆಯ 34ನೇ ಕಲಮಿನಲ್ಲಿ ಅಂದೂ ಇತ್ತು, ಇಂದೂ ಇದೆ. ಅದನ್ನು ಜಿಲ್ಲಾ ನ್ಯಾಯಾಲಯದ ಗಮನಕ್ಕೆ ತರಲು ಮಗುವಿನ ಪರವಾಗಿ ಯಾರಾದರೂ ಒಂದು ಅರ್ಜಿ ಬರೆಯಬೇಕು.